ಸಿಡುಬಿನ ಲಸಿಕೆಯೂ ತಾಯಂದಿರ ಅಂಜಿಕೆಯೂ

ಕ್ರಿಸ್ತಶಕ 1802ನೆಯ ಇಸವಿ ಜೂನ್ ತಿಂಗಳ 14ನೆಯ ದಿನ ಮುಂಬಯಿ ಪಟ್ಟಣದಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳನ್ನು ವೈದ್ಯನೊಬ್ಬನು ಸಣ್ಣ ಕತ್ತಿಯ ಮೊನೆಯಿಂದ ಗೀರಿ, ಬಸರಾ ಬಂದರಿನಿಂದ ಹಡಗಿನಲ್ಲಿ ಬಂದಿದ್ದ ಗೋಸಿಡುಬಿನ ರಸವನ್ನು ಆ ಗಾಯಕ್ಕೆ ಸೋಕಿಸಿದನು. ಅದಕ್ಕೆ ಮುಂಚೆ ಯುರೋಪಿನಿಂದ ಕಳುಹಿಸಿದ್ದ ರಸವು ದಾರಿಯ ಬಿಸಿಲಿನಲ್ಲಿ ಸತ್ತ್ವಗುಂದಿ ನಿಷ್ಫಲವಾಗಿದ್ದಿತು. ಈ ಮಗುವಿನ ತೋಳಿನಲ್ಲಿ ಬೊಕ್ಕೆಯು ಎದ್ದು ತುಂಬಿತು. ಅದರ ರಸವನ್ನು ತೆಗೆದು ಮತ್ತೆ ಐವರು ಮಕ್ಕಳಿಗೆ ಹಾಕಿದರು, ಅವರಿಂದ ಇತರರಿಗೆ, ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ಅದು ಪುಣೆ, ಸೂರತ್ತು, ಹೈದರಾಬಾದು, ಮದರಾಸುಗಳನ್ನು ಸೇರಿತು. ಭರತಖಂಡದಲ್ಲಿ ಸಿಡುಬಿನ ಲಸಿಕೆಯು ನೆಲೆಯೂರಿದುದು ಈ ರೀತಿಯಲ್ಲಿ.

ಈ ಚರಿತ್ರೆಯಲ್ಲಿ ವೈದ್ಯರ ಹೆಸರುಗಳುಂಟು, ಗವರ್ನರುಗಳ ಹೆಸರುಗಳುಂಟು, ರಾಜರಾಣಿಯರ ಹೆಸರುಗಳೂ ಉಂಟು. ಆದರೆ ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದ ಅಥವಾ ಬಾರದೆ ಬಾಗಿಲು ಮುಚ್ಚಿಕೊಂಡ ತಾಯಂದಿರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಒಂದೇ ಕಡೆ. ಸರಕಾರದ ವರದಿಗಳಲ್ಲಿ ಮೌಢ್ಯ, ಹಟ, ಅಂಧಶ್ರದ್ಧೆ ಎಂಬ ಮಾತುಗಳ ಅಡಿಯಲ್ಲಿ. ಆ ಮಾತುಗಳು ಎಷ್ಟರಮಟ್ಟಿಗೆ ನ್ಯಾಯವಾದವು ಎಂಬುದು ವಿಚಾರಾರ್ಹವಾದ ಸಂಗತಿ. ಲಸಿಕೆಯನ್ನು ಹಾಕುತ್ತಿದ್ದ ಬಗೆಯನ್ನು ತಿಳಿಯದೆ ತಾಯಂದಿರ ಅಂಜಿಕೆಯನ್ನು ತೂಗುವುದು ಸಾಧ್ಯವಿಲ್ಲ.

ಮೊದಲು ರೋಗವನ್ನೇ ನೆನೆಯಬೇಕು. ಈಗಿನವರು ಸಿಡುಬನ್ನು ಕಂಡಿಲ್ಲ. ಸೀತಾಳಸಿಡುಬನ್ನು ಕಂಡು ಅದೂ ಇದೂ ಒಂದೇ ಎಂದು ಭಾವಿಸುವವರೂ ಇದ್ದಾರೆ. ದೊಡ್ಡ ಸಿಡುಬು ತಗುಲಿದವರಲ್ಲಿ ಹತ್ತಕ್ಕೆ ಮೂವರು ಸಾಯುತ್ತಿದ್ದರು. ಉಳಿದವರಿಗೆ ಮುಖದ ತುಂಬ ಕಲೆ. ಎಷ್ಟೋ ಮಂದಿಗೆ ಕಣ್ಣು ಹೋಗುತ್ತಿದ್ದಿತು. ಸಿಡುಬು ಬಂದುಹೋಗುವ ತನಕ ಮಗುವನ್ನು ತನ್ನದೆಂದು ಲೆಕ್ಕಹಾಕಬಾರದೆಂಬ ಮಾತು ಅನೇಕ ದೇಶಗಳಲ್ಲಿ ವಾಡಿಕೆಯಲ್ಲಿದ್ದಿತು. ಕನ್ನಡನಾಡಿನಲ್ಲಿ ಅದನ್ನು ರೋಗವೆಂದು ಕರೆಯಲು ಕೂಡ ಜನರು ಹಿಂಜರಿಯುತ್ತಿದ್ದರು. ‘ಅಮ್ಮ ಬಂದಿದ್ದಾಳೆ’ ಎಂದೇ ಹೇಳುವುದು. ಬಾಗಿಲಿಗೆ ಬೇವಿನ ಸೊಪ್ಪು, ಒಳಗೆ ತಂಪಿನ ಆಹಾರ; ಒಗ್ಗರಣೆಯ ಸದ್ದಿಲ್ಲ, ಔಷಧವಿಲ್ಲ. ಅಮ್ಮ ಮೈಮೇಲಿರುವ ಮಗುವಿನ ಪಕ್ಕದಲ್ಲಿ ಬೇವಿನ ಎಲೆಯಿಂದ ಗಾಳಿ ಬೀಸುತ್ತ ರಾತ್ರಿಹಗಲು ಕುಳಿತಿರುವವಳು ತಾಯಿ. ಆ ಮನೆಯಲ್ಲಿ ಅವಳೇ ದಾದಿ, ಅವಳೇ ಪೂಜಾರಿಣಿ. ಸಿಡುಬೆಂದರೇನೆಂಬುದನ್ನು ಅವಳಿಗಿಂತ ಹೆಚ್ಚಾಗಿ ಬಲ್ಲವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದುದರಿಂದ ಅವಳು ಲಸಿಕೆಗೆ ಹೆದರಿದಳೆಂದರೆ ಸಿಡುಬಿಗೆ ಹೆದರದೆ ಹೋದಳೆಂದು ಅರ್ಥವಲ್ಲ.

ಮೈಗೆ ಸಿಡುಬನ್ನು ಬೇಕೆಂದೇ ಹತ್ತಿಸಿಕೊಂಡು ದೊಡ್ಡ ಸಿಡುಬಿನಿಂದ ಪಾರಾಗುವ ಉಪಾಯವು ಗೋಸಿಡುಬಿಗಿಂತ ಹಳೆಯದು. ಬಂಗಾಳದ ಟೀಕಾದಾರರು ರೋಗಿಯ ಬೊಕ್ಕೆಯ ರಸವನ್ನೇ ಮಕ್ಕಳ ತೋಳಿಗೆ ಗೀರಿ ಸೇರಿಸುತ್ತಿದ್ದುದನ್ನು ಹಾಲ್‌ವೆಲ್ ಎಂಬ ಆಂಗ್ಲೇಯನು 1767ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದನು. ಅದಕ್ಕೆ ಪಥ್ಯವುಂಟು, ಸ್ನಾನವುಂಟು, ದೇವಿಯ ಪೂಜೆಯುಂಟು. ದಕ್ಷಿಣದಲ್ಲಿ ಈ ಪದ್ಧತಿಯು ಅಷ್ಟಾಗಿ ಹರಡಿರಲಿಲ್ಲ. ಅದರಲ್ಲಿ ಬರುವುದು ನಿಜವಾದ ಸಿಡುಬೇ ಆದುದರಿಂದ ನೂರಕ್ಕೆ ಒಂದಿಬ್ಬರು ಸಾಯುವುದೂ, ಅವರಿಂದ ನೆರೆಯವರಿಗೆ ಅಂಟುವುದೂ ಉಂಟಾಗಿದ್ದಿತು.

ಈ ಉಪಾಯವನ್ನು ಇಂಗ್ಲೆಂಡಿಗೆ ತಂದವಳು ಒಬ್ಬ ತಾಯಿ. ಲೇಡಿ ಮೇರಿ ವರ್ಟ್‌ಲಿ ಮಾಂಟಗೂಳ ತಮ್ಮನು ಸಿಡುಬಿನಿಂದ ಸತ್ತಿದ್ದನು. ಅವಳ ಚೆಲುವಾದ ಮುಖವೂ ಅದರಿಂದಲೇ ಕೆಟ್ಟಿದ್ದಿತು. ಗಂಡನು ರಾಯಭಾರಿಯಾಗಿದ್ದ ಕಾನ್‌ಸ್ಟಾಂಟಿನೋಪಲಿನಲ್ಲಿ ಮುದುಕಿಯರು ಮಕ್ಕಳಿಗೆ ಸಿಡುಬು ಹಾಕುವುದನ್ನು ಕಂಡು, 1718ರಲ್ಲಿ ತನ್ನ ಮಗನಿಗೂ 1721ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೂ ಹಾಕಿಸಿದಳು. ಅದನ್ನು ನೋಡಿ ಯುವರಾಣಿ ಕ್ಯಾರೊಲೈನಳು ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಹಾಕಿಸಲು ಒಪ್ಪಿದಳು. ಆದರೆ ಅದಕ್ಕೆ ಮೊದಲು ನ್ಯೂಗೇಟ್ ಸೆರೆಮನೆಯ ಆರು ಮಂದಿ ಅಪರಾಧಿಗಳ ಮೇಲೂ ಅನಾಥಮಕ್ಕಳ ಮೇಲೂ ಪ್ರಯೋಗವಾಗಬೇಕಾಯಿತು. ಅರಮನೆಯ ತಾಯಿಗೂ ಅಂಜಿಕೆ ಇದ್ದಿತು. ಅದನ್ನು ಪರಿಹರಿಸಿಕೊಳ್ಳುವ ಸೌಕರ್ಯವೂ ಅವಳಿಗಿದ್ದಿತು. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ನನು 1736ರಲ್ಲಿ ನಾಲ್ಕು ವರ್ಷದ ಮಗನನ್ನು ಸಿಡುಬಿಗೆ ಕಳೆದುಕೊಂಡನು. ಮಗುವಿಗೆ ಸಿಡುಬು ಹಾಕಿಸದೆ ಬಿಟ್ಟುದಕ್ಕಾಗಿ ತಾನು ಪಟ್ಟ ವ್ಯಥೆಯನ್ನು, ಇತರ ತಂದೆತಾಯಿಗಳು ತಿಳಿದುಕೊಳ್ಳಲೆಂದೇ, ಮುಪ್ಪಿನಲ್ಲಿ ಬರೆದ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಹಾಕಿಸಿ ಮಗುವನ್ನು ಕಳೆದುಕೊಂಡರೆ ತನ್ನ ಕೈಯಿಂದಲೇ ಆಯಿತೆಂಬ ಸಂಕಟ. ಹಾಕಿಸದೆ ಕಳೆದುಕೊಂಡರೆ ಇನ್ನೊಂದು ಸಂಕಟ. ಈ ಎರಡರ ನಡುವೆ ಸಿಕ್ಕಿಕೊಂಡ ಹೆತ್ತವರ ಮನಸ್ಸು ಎಲ್ಲ ದೇಶಗಳಲ್ಲಿಯೂ ಒಂದೇ.

ಎಡ್ವರ್ಡ್ ಜೆನ್ನರನು 1796ರ ಮೇ 14ರಂದು, ಹಾಲು ಕರೆಯುವ ಹೆಂಗಸಿನ ಕೈಯಲ್ಲಿ ಎದ್ದಿದ್ದ ಗೋಸಿಡುಬಿನ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ ಹಾಕಿ ಪರೀಕ್ಷಿಸಿದುದು ಪ್ರಸಿದ್ಧವಾದ ಕಥೆ. ಗೋಸಿಡುಬು ಪ್ರಾಣವನ್ನು ತೆಗೆಯುವುದಿಲ್ಲ, ಗಾಳಿಯಲ್ಲಿ ಹರಡುವುದಿಲ್ಲ. ಆದರೂ ದೊಡ್ಡ ಸಿಡುಬನ್ನು ತಡೆಯುತ್ತದೆ. ಫಿಪ್ಸನು ಜೆನ್ನರನ ತೋಟದ ಕೆಲಸದವನ ಮಗ. ಮುಂಬಯಿಯ ಆನಾ ಡಸ್ಟ್‌ಹಾಲಳೂ ಸೇವಕವರ್ಗದ ಮಗು. ಮೊದಲು ಚಾಚಿದ ತೋಳುಗಳು ಯಾರವು ಎಂಬುದನ್ನು ವಾಚಕರು ಗಮನಿಸಬೇಕು.

ತೊಡಕು ಇದ್ದುದು ರಸವನ್ನು ಕಾಪಾಡುವುದರಲ್ಲಿ. ಗಾಜಿನ ತುಂಡುಗಳ ನಡುವೆಯೋ ದಾರದ ಎಳೆಯಲ್ಲಿಯೋ ಒಣಗಿಸಿ ಕಳುಹಿಸಿದರೆ ಉಷ್ಣದೇಶಗಳಲ್ಲಿ ಅದು ಕೆಲವೇ ದಿನಗಳಲ್ಲಿ ಕೆಡುತ್ತಿದ್ದಿತು. ಕೆಡದಂತೆ ಇಡಬಲ್ಲ ಪಾತ್ರೆ ಒಂದೇ, ಜೀವಂತವಾದ ಮಗುವಿನ ಮೈ. 1803ರ ಕೊನೆಯಲ್ಲಿ ಸ್ಪೇನಿನ ದೊರೆಯು ಬಾಲ್ಮಿಸ್ ಎಂಬ ವೈದ್ಯನ ನಾಯಕತ್ವದಲ್ಲಿ ಅಮೇರಿಕ ಖಂಡಕ್ಕೆ ಲಸಿಕೆಯನ್ನು ಕಳುಹಿಸಿದಾಗ, ಹಡಗಿನಲ್ಲಿ 22 ಮಂದಿ ಗಂಡುಹುಡುಗರನ್ನು ಕರೆದೊಯ್ದು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ರಸವನ್ನು ದಾಟಿಸುತ್ತ ಸಾಗರವನ್ನು ದಾಟಿದರು. ಅವರು ಬಹುಮಟ್ಟಿಗೆ ಅನಾಥರು. ಅವರನ್ನು ನೋಡಿಕೊಳ್ಳಲು ಹೋದ ಅನಾಥಾಲಯದ ಮೇಲ್ವಿಚಾರಕಿ ಇಸಾಬೆಲ್ ಸೆಂದಾಲಳು ತನ್ನ ಸ್ವಂತ ಮಗನನ್ನೂ ಆ ಸಾಲಿನಲ್ಲಿ ಸೇರಿಸಿದ್ದಳು. ಹಡಗಿನ ಮಕ್ಕಳಿಗೆ ತಾಯಿಯ ಸ್ಥಾನದಲ್ಲಿದ್ದವಳು ಅವಳೊಬ್ಬಳೇ.

ಮೈಸೂರು ಸೀಮೆಗೆ ಲಸಿಕೆ ಬಂದುದು ಬೇಗನೆ. ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ ಇದರಲ್ಲಿ ಬಹಳವಾಗಿ ದುಡಿದನು. ಹಿಂದೂ ಆಚಾರವಿಚಾರಗಳನ್ನು ಕುರಿತ ಗ್ರಂಥದಿಂದ ಖ್ಯಾತನಾದ ಈತನು ಈ ನಾಡಿನವರಂತೆಯೇ ಉಡುಪು ಧರಿಸಿ, ಅವರಂತೆಯೇ ಉಂಡು, ‘ದೊಡ್ಡಸ್ವಾಮಿಯವರು’ ಎಂದು ಜನರಿಂದ ಕರೆಯಿಸಿಕೊಂಡವನು. 1803–04ರ ವೇಳೆಗೆ ಅವನ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲಾಗಿದೆ. ಜನರ ಭಾಷೆಯನ್ನು ಬಲ್ಲವನ ಕೈಗೆ ತಾಯಂದಿರು ಮಕ್ಕಳನ್ನು ಕೊಟ್ಟರು. ಕೇವಲ ಸರಕಾರದ ಆಜ್ಞೆಗೆ ಅಷ್ಟು ಬೇಗನೆ ಕೊಡುತ್ತಿದ್ದರೆಂದು ಹೇಳುವಂತಿಲ್ಲ.

ಅರಮನೆಯ ಸಂಗತಿಯೊಂದು ಇಲ್ಲಿ ಉಲ್ಲೇಖಕ್ಕೆ ಅರ್ಹವಾಗಿದೆ. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿನಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಬಹುಕಾಲ ಅದು ನರ್ತಕಿಯರ ಚಿತ್ರವೆಂದೇ ಪ್ರತೀತಿಯಾಗಿದ್ದಿತು. ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅವರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇವರು ಮೈಸೂರಿನ ರಾಜಮನೆತನದವರೆಂದೂ, ನಡುವಿನವರು ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿಯವರೆಂದೂ, ಎರಡು ಪಕ್ಕದವರು ದೊರೆಯ ರಾಣಿಯರೆಂದೂ ವಾದಿಸಿದ್ದಾರೆ. ಬಲಗಡೆಯ ಎಳೆಯ ರಾಣಿ ದೇವಾಜಮ್ಮಣ್ಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುವಂತಿರುವುದು ಲಸಿಕೆಯ ಸಂಕೇತವೆಂದೂ, ಎಡಗಡೆಯ ರಾಣಿಯ ಬಾಯಿಯ ಸುತ್ತ ಕಾಣುವ ಬಣ್ಣಗೆಟ್ಟ ಚರ್ಮವು ಹಳೆಯ ಪದ್ಧತಿಯ ಗುರುತೆಂದೂ ಅವರ ಅಭಿಪ್ರಾಯ. ಇದು ಊಹೆಯೇ ಆದರೂ ಒಪ್ಪತಕ್ಕ ಊಹೆ. ಹೈದರಾಲಿ, ಟಿಪ್ಪುಗಳ ಕಾಲವನ್ನೆಲ್ಲ ಕಳೆದು ವಂಶದ ಕುಡಿಯೊಂದನ್ನು ಸಿಂಹಾಸನದಲ್ಲಿ ಕೂರಿಸಿದ ಮುದಿರಾಣಿಗೆ ಮನೆಯ ಮಕ್ಕಳ ಆಯುಸ್ಸಿನ ಚಿಂತೆ ಎಷ್ಟಿದ್ದಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಊರಿನ ತಾಯಿಯ ಮುಂದೆ ಇದ್ದ ಚಿತ್ರವೇ ಬೇರೆ. ಲಸಿಕೆ ಹಾಕುವವನು ಚಳಿಗಾಲದಲ್ಲಿ ಬರುತ್ತಿದ್ದನು. ಬೇಸಗೆಯಲ್ಲಿ ರಸ ನಿಲ್ಲುತ್ತಿರಲಿಲ್ಲ. ಚಳಿಗಾಲವೆಂದರೆ ಸುಗ್ಗಿಯ ಕಾಲ. ಕೊಯ್ಲಿನ ಕೂಲಿಯನ್ನು ಬಿಟ್ಟು ಮಗುವನ್ನು ತೋರಿಸಲು ನಿಲ್ಲಬೇಕು. ತೋಳಿನ ಮೇಲೆ ಗೀರಿದ ನಾಲ್ಕನೆಯ ದಿನಕ್ಕೆ ಗುಳ್ಳೆ ಏಳುವುದು. ಎಂಟನೆಯ ದಿನಕ್ಕೆ ಮುತ್ತಿನಂತೆ ತುಂಬುವುದು. ಅಷ್ಟರಲ್ಲಿ ಜ್ವರ, ತೋಳಿನ ಬಾವು, ಮಗುವಿನ ಅಳು. ಆ ಎಂಟನೆಯ ದಿನವೇ ಅವನು ಮತ್ತೆ ಬಂದು, ತುಂಬಿದ ಬೊಕ್ಕೆಯನ್ನು ಬಿಡಿಸಿ, ರಸವನ್ನು ತೆಗೆದು ಬೇರೆ ಮಕ್ಕಳಿಗೆ ಹಾಕಬೇಕು. ಹತ್ತಿರದಲ್ಲಿ ಮಕ್ಕಳಿಲ್ಲದಿದ್ದರೆ ನೊಂದ ಮಗುವನ್ನು ಹೊತ್ತುಕೊಂಡು ತಾಯಿಯು ಮುಂದಿನ ಹಳ್ಳಿಗೆ ನಡೆಯಬೇಕು. ಕೆಲವು ಕಡೆ ಅದಕ್ಕೆ ನಾಲ್ಕಾರು ಆಣೆ ಕೊಡುತ್ತಿದ್ದರು. ಮಗುವಿನ ಮೈಯ ಸತ್ತ್ವವೇ ಆ ರಸವೆಂದು ತಿಳಿದಿದ್ದ ತಾಯಿಗೆ, ಅದನ್ನು ಹಿಂಡಿ ತೆಗೆದರೆ ಮಗು ಸೊರಗುವುದೆಂಬ ಭಯ. ಲಸಿಕೆ ಎಂಬ ಸಂಸ್ಕೃತಮೂಲದ ಶಬ್ದಕ್ಕೆ ಮೈಯೊಳಗಿನ ತಿಳಿರಸವೆಂಬುದೇ ಹಳೆಯ ಅರ್ಥ. ಹೆಸರಿನಲ್ಲಿಯೇ ಅವಳ ಭಯದ ಮೂಲವು ಅಡಗಿದೆ.

ರಸವನ್ನು ಕೊಡುವುದು ಒಂದು ಕಷ್ಟವಾದರೆ ಪಡೆಯುವುದು ಇನ್ನೊಂದು. ರಸ ಕೊಡಲು ಒಪ್ಪುತ್ತಿದ್ದವರು ಹೆಚ್ಚಾಗಿ ಬಡವರು, ಕೆಳಗೆಂದು ಎಣಿಸಲ್ಪಟ್ಟ ಜಾತಿಗಳವರು. ಮೇಲ್ಜಾತಿಯ ಮನೆಗಳಲ್ಲಿ ಆ ರಸವನ್ನು ಮಗುವಿನ ರಕ್ತಕ್ಕೆ ಸೇರಿಸುವುದೆಂದರೆ ಆಚಾರಕ್ಕೆ ಭಂಗ. ಈ ಆಕ್ಷೇಪಣೆಯಲ್ಲಿ ಮೆಚ್ಚತಕ್ಕುದೇನೂ ಇಲ್ಲ. ಬಡವರ ಮಗು ಎರಡು ಸಲ ನೋಯಬೇಕು, ಅದರ ರಸವೂ ಮೈಲಿಗೆಯೆನಿಸಿಕೊಳ್ಳಬೇಕು! ಇದರ ಮೇಲೆ ವದಂತಿಗಳು ಬೇರೆ. ತೋಳಿನ ಗುರುತು ಸರಕಾರದ ಮುದ್ರೆ. ಮುಂದೆ ತೆರಿಗೆಗೋ ದಂಡಿಗೋ ಈ ಮಕ್ಕಳನ್ನು ಹಿಡಿಯುವರು. ಕೆಂಪಿನ ಬದಲು ಬಿಳಿಯ ರಕ್ತವುಳ್ಳ ಮಗುವನ್ನು ಹುಡುಕಿ ಕೊಲ್ಲುವರು. ಸೇತುವೆಗೆ ಬಲಿ ಕೊಡುವರು. ಇಂಥ ಮಾತುಗಳು ಭರತಖಂಡದ ನಾನಾ ಭಾಗಗಳಲ್ಲಿ ಹಬ್ಬಿದ್ದವು. ‘ಕೆರೆಗೆ ಹಾರ’ದ ಹಾಡನ್ನು ಕೇಳಿ ಬೆಳೆದ ಹೆಂಗಸರಿಗೆ ಕಟ್ಟಡಕ್ಕೆ ಜೀವಬಲಿ ಎಂಬುದು ನಂಬಲಾಗದ ಸಂಗತಿಯೇನೂ ಆಗಿರಲಿಲ್ಲ. ಮಕ್ಕಳನ್ನು ಅಟ್ಟದ ಮೇಲೆಯೋ ಹೊಲದಲ್ಲಿಯೋ ಅಡಗಿಸುತ್ತಿದ್ದುದು ಆಶ್ಚರ್ಯವಲ್ಲ.

ದೇವಿಯ ಕೋಪದ ಭಯವಂತೂ ಇದ್ದೇ ಇದ್ದಿತು. ಅಧಿಕಾರಿಗಳು ಅದನ್ನೇ ಮುಖ್ಯ ಕಾರಣವೆಂದು ಬಗೆದು ಶಾಸ್ತ್ರದ ಮೂಲಕವೇ ಉತ್ತರ ಕೊಡಲು ಹವಣಿಸಿದರು. ಮದರಾಸಿನಲ್ಲಿ ಎಲ್ಲಿಸ್ ಎಂಬ ಭಾಷಾಪಂಡಿತನಾದ ಅಧಿಕಾರಿಯು ಲಸಿಕೆಯನ್ನು ಗೋಮಾತೆಯ ವರವೆಂದು ವರ್ಣಿಸುವ ಪುರಾಣರೂಪದ ಬರಹವನ್ನು ರಚಿಸಿದನು. 1819ರಲ್ಲಿ ಧನ್ವಂತರಿಯದೆಂದು ಹೇಳಲಾದ, ಹಸುವಿನ ಕೆಚ್ಚಲಿನ ಬೊಕ್ಕೆಯ ರಸವನ್ನು ತೋಳಿಗೆ ಹಾಕಬೇಕೆಂದು ವಿಧಿಸುವ ಸಂಸ್ಕೃತವಾಕ್ಯಗಳು ಮದರಾಸಿನ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡವು. ಅಂಥ ಮಾತು ಧನ್ವಂತರಿಯ ಯಾವ ಗ್ರಂಥದಲ್ಲಿಯೂ ಇಲ್ಲ. ಆದರೂ ಜೆನ್ನರನಿಗಿಂತ ಮೊದಲೇ ನಮ್ಮವರು ಲಸಿಕೆಯನ್ನು ಬಲ್ಲವರಾಗಿದ್ದರೆಂದು ಇಂದಿಗೂ ಅದನ್ನು ಉದಾಹರಿಸುವವರಿದ್ದಾರೆ. ಒಳ್ಳೆಯ ಉದ್ದೇಶದಿಂದ ಹುಟ್ಟಿದ ಸುಳ್ಳು ಎರಡು ಶತಮಾನ ಬದುಕಿತು; ತಾಯಂದಿರ ಮನಸ್ಸನ್ನು ಮಾತ್ರ ಅದು ತಿರುಗಿಸಿದ ಕುರುಹಿಲ್ಲ. ಅವರು ಕೇಳುತ್ತಿದ್ದುದು ಶ್ಲೋಕವನ್ನಲ್ಲ, ಮಗುವಿನ ತೋಳು ಯಾವಾಗ ವಾಸಿಯಾಗುವುದೆಂಬುದನ್ನು.

ಅಂಜಿಕೆಗೆ ಕಾರಣ ದೇವಿಯೊಬ್ಬಳೇ ಅಲ್ಲವೆಂಬುದಕ್ಕೆ ದೇವಿಯ ಪೂಜೆಯಿಲ್ಲದ ಇಂಗ್ಲೆಂಡೇ ಸಾಕ್ಷಿ. ಹುಟ್ಟಿದ ಮೂರು ತಿಂಗಳೊಳಗೆ ಪ್ರತಿಯೊಂದು ಶಿಶುವಿಗೂ ಲಸಿಕೆ ಹಾಕಿಸಬೇಕೆಂದು 1853ರಲ್ಲಿ ಅಲ್ಲಿ ಕಾನೂನಾಯಿತು. ಹಾಕಿಸದವರಿಗೆ ಜುಲ್ಮಾನೆ; ಕೊಡಲಾರದವರ ಮನೆಯ ಸಾಮಾನು ಹರಾಜು, ಇಲ್ಲವೇ ಸೆರೆಮನೆ. ಅಲ್ಲಿಯೂ ಎಂಟನೆಯ ದಿನ ಮಗುವನ್ನು ಮರಳಿ ತರಬೇಕು, ಬೊಕ್ಕೆಯನ್ನು ಬಿಡಿಸಲು ಒಪ್ಪಬೇಕು. ಹೊರಗೆ ಬಂದೊಡನೆ ಗಾಯಕ್ಕೆ ಬಾಯಿಟ್ಟು ರಸವನ್ನು ಹೀರಿ ಉಗುಳುತ್ತಿದ್ದ ತಾಯಂದಿರು ಅಲ್ಲಿಯೂ ಇದ್ದರು. 1885ರ ಮಾರ್ಚ್ 23ರಂದು ಲೆಸ್ಟರ್ ನಗರದಲ್ಲಿ ಕಡ್ಡಾಯದ ಲಸಿಕೆಯ ವಿರುದ್ಧ ಸಹಸ್ರಾರು ಜನರು ಮೆರವಣಿಗೆ ಹೊರಟರು. ಅವರು ಹೇಳಿದುದೆಲ್ಲ ಸರಿಯಲ್ಲ. ಲಸಿಕೆಯು ಸಿಡುಬನ್ನು ತಡೆಯುವುದೇ ಇಲ್ಲವೆಂಬ ಅವರ ವಾದವನ್ನು ಕಾಲವೇ ಸುಳ್ಳುಮಾಡಿತು. ಆದರೆ ಒಂದು ಮಾತು ಮಾತ್ರ ನಿಜವಾಗಿದ್ದಿತು. ಒಂದು ಮಗುವಿನ ರಸದೊಡನೆ ಆ ಮಗುವಿನ ಬೇರೆ ರೋಗವೂ ಇನ್ನೊಂದಕ್ಕೆ ಅಂಟಬಹುದೆಂಬುದು. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬ ಊರಿನಲ್ಲಿ, ನೋಡಲು ಆರೋಗ್ಯವಾಗಿದ್ದ ಮಗುವಿನ ಮೂಲಕ ಸಾಗಿದ ರಸವನ್ನು 63 ಮಕ್ಕಳಿಗೆ ಹಾಕಲು, ನಲವತ್ತಕ್ಕೂ ಹೆಚ್ಚು ಮಕ್ಕಳಿಗೆ ಉಪದಂಶ ರೋಗ ತಗುಲಿತು. ಅವರಿಂದ ಹಾಲೂಡಿಸುವ ತಾಯಂದಿರಿಗೂ ಅದು ಅಂಟಿತು. ಪರರ ಮಗುವಿನ ರಸ ಬೇಡವೆಂದ ತಾಯಿಯನ್ನು ಮೂಢಳೆಂದು ಜರೆದ ವೈದ್ಯರು ಈ ವಿಷಯದಲ್ಲಿ ಅವಳಿಗಿಂತ ಹಿಂದೆ ಬಿದ್ದಿದ್ದರು.

ಪರಿಹಾರ ಕರುವಿನಿಂದ ಬಂದಿತು. ಮಕ್ಕಳ ತೋಳಿನ ಬದಲು ಕರುವಿನ ಹೊಟ್ಟೆಯ ಚರ್ಮದಲ್ಲಿ ಬೊಕ್ಕೆಗಳನ್ನು ಎಬ್ಬಿಸಿ, ಅಲ್ಲಿಂದ ರಸವನ್ನು ತೆಗೆಯುವ ಕ್ರಮವನ್ನು ನೇಪಲ್ಸಿನ ವೈದ್ಯರು ರೂಢಿಸಿದ್ದರು; 1860ರ ದಶಕದಲ್ಲಿ ಅದು ಇತರ ದೇಶಗಳಿಗೂ ಹರಡಿತು. ಗ್ಲಿಸರಿನ್ ಸೇರಿಸಿ ಶುದ್ಧಗೊಳಿಸುವ ವಿಧಾನವು 1890ರ ದಶಕದಲ್ಲಿ ನೆಲೆಗೊಂಡಿತು. ಇಂಗ್ಲೆಂಡಿನಲ್ಲಿ 1898ರ ಕಾನೂನು ತೋಳಿನಿಂದ ತೋಳಿಗೆ ಹಾಕುವುದನ್ನು ನಿಲ್ಲಿಸಿತು. ಅದೇ ಕಾನೂನು ಮನಸ್ಸಾಕ್ಷಿಯ ಕಾರಣದಿಂದ ಒಪ್ಪದ ಹೆತ್ತವರಿಗೆ ವಿನಾಯಿತಿಯನ್ನೂ ಕೊಟ್ಟಿತು. ಭರತಖಂಡದಲ್ಲಿ 1880ರ ಕಾನೂನು ಕೆಲವು ಪುರಸಭೆಗಳಲ್ಲಿಯೂ ದಂಡಿನ ಪ್ರದೇಶಗಳಲ್ಲಿಯೂ ಮಕ್ಕಳ ಲಸಿಕೆಯನ್ನು ಕಡ್ಡಾಯ ಮಾಡಿ ಹಳೆಯ ಟೀಕಾಪದ್ಧತಿಯನ್ನು ನಿಷೇಧಿಸಿತು. ಹಸುವಿನ ಕರುವನ್ನು ನೋಯಿಸುವುದಕ್ಕೆ ಇಲ್ಲಿ ಆಕ್ಷೇಪವಿದ್ದುದರಿಂದ ಹಲವೆಡೆ ಎಮ್ಮೆಯ ಕರುಗಳನ್ನು ಉಪಯೋಗಿಸಿದರು. ಬೆಳಗಾವಿಯಲ್ಲಿ 20ನೆಯ ಶತಮಾನದ ಆದಿಯಲ್ಲಿ ಇಂಥ ರಸವನ್ನು ತಯಾರಿಸುವ ಸಂಸ್ಥೆ ಏರ್ಪಟ್ಟಿತು. ಟಿಳಕವಾಡಿಯ ಆ ಮರಗಳ ವಿಸ್ತಾರವಾದ ಆವರಣವನ್ನು ಜನರು ಈಗಲೂ ‘ವ್ಯಾಕ್ಸಿನ್ ಡಿಪೊ’ ಎಂದೇ ಕರೆಯುತ್ತಾರೆ.

ಪರರ ಮಗುವಿನ ರಸವೆಂಬುದು ತಪ್ಪಿದೊಡನೆ ಜಾತಿಯ ಆಕ್ಷೇಪಣೆಯೂ ಎಂಟನೆಯ ದಿನದ ಹಿಂಸೆಯೂ ತಾವಾಗಿ ಕಳಚಿಬಿದ್ದವು. ದೇವಿಯೊಡನೆ ಮಾತ್ರ ತಾಯಂದಿರು ತಮ್ಮದೇ ರೀತಿಯಲ್ಲಿ ರಾಜಿ ಮಾಡಿಕೊಂಡರು. ಮೈಸೂರಿನ ಕಡೆ ‘ದಾಕು ಹಾಕಿಸುವುದು’ ಎಂಬ ಮಾತು ಹುಟ್ಟಿದರೆ ಉತ್ತರ ಕರ್ನಾಟಕದಲ್ಲಿ ‘ದೇವಿ ಹಾಕಿಸುವುದು’ ಎಂದೇ ರೂಢಿಯಾಯಿತು. ತೋಳಿನಲ್ಲಿ ಬೊಕ್ಕೆ ಎದ್ದರೆ ದೇವಿಯೇ ಚಿಕ್ಕ ರೂಪದಲ್ಲಿ ಬಂದಳೆಂದು ಭಾವಿಸಿ, ಪಥ್ಯವನ್ನಿಟ್ಟು, ಹಕ್ಕಳೆ ಉದುರಿದ ಮೇಲೆ ಮಗುವಿಗೆ ನೀರೆರೆದು ಪೂಜೆ ಸಲ್ಲಿಸುವವರಿದ್ದರು. ಎಲ್ಲಿಸನ ಪುರಾಣವು ಮಾಡಲಾರದುದನ್ನು ಆಡುಮಾತಿನ ಎರಡು ಶಬ್ದಗಳು ಮಾಡಿದವು.

ಆದರೂ ನೋವು ತೀರಲಿಲ್ಲ. ಹಲ್ಲುಗಳುಳ್ಳ ಸಣ್ಣ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸುವ ಉಪಕರಣವು 1960ರ ದಶಕದವರೆಗೂ ನಮ್ಮಲ್ಲಿ ಬಳಕೆಯಲ್ಲಿದ್ದಿತು. ಹಳಬರ ತೋಳುಗಳಲ್ಲಿ ಕಾಣುವ ಕಾಸಿನಗಲದ ಕಲೆಗಳು ಅದರವು. ಶೈಶವದಲ್ಲಿ ಹಾಕಿದ ಲಸಿಕೆಯ ಬಲವು ವರ್ಷಗಳು ಕಳೆದಂತೆ ಕುಂದುವುದೆಂಬುದನ್ನು ಜನರಿಗೆ ಯಾರೂ ಸರಿಯಾಗಿ ತಿಳಿಸದೆ ಇದ್ದುದರಿಂದ, ಹಾಕಿಸಿಕೊಂಡವನಿಗೂ ಸಿಡುಬು ಬಂದಾಗ ಊರೇ ನಂಬಿಕೆ ಕಳೆದುಕೊಳ್ಳುತ್ತಿದ್ದಿತು. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೀವ್ರವಾದ ಕಾರ್ಯಕ್ರಮವನ್ನು ಕೈಕೊಂಡ ಬಳಿಕ, ಸೆಕೆಯಲ್ಲಿಯೂ ಕೆಡದ ಒಣಪುಡಿಯ ಲಸಿಕೆಯೂ ಎರಡು ಮೊನೆಯ ಸೂಜಿಯೂ ಬಂದವು. ಹದಿನೈದು ಸಲ ಲಘುವಾಗಿ ಚುಚ್ಚಿದರೆ ಮುಗಿಯಿತು. ಕೊನೆಯ ಘಟ್ಟದಲ್ಲಿ, 1974–75ರಲ್ಲಿ, ಬಿಹಾರ ಮೊದಲಾದ ಕಡೆ ಒಪ್ಪದವರನ್ನು ಹಿಡಿದು ಬಲವಂತವಾಗಿ ಹಾಕಿದ ಪ್ರಸಂಗಗಳೂ ನಡೆದವು. ರೋಗವು ಹೋದ ಸಂತೋಷದಲ್ಲಿ ಇದನ್ನು ಮರೆಯುವುದು ಸುಲಭ. ಭರತಖಂಡದ ಕೊನೆಯ ಸಿಡುಬು 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜಿನಲ್ಲಿ ಕಂಡುಬಂದಿತು. 1980ರ ಮೇ 8ರಂದು ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ಶಂಕೆಯು ಸಿಡುಬಿನೊಡನೆ ಹೋಗಲಿಲ್ಲ. 1998ರಲ್ಲಿ ಲಂಡನ್ನಿನ ವೈದ್ಯಪತ್ರಿಕೆಯೊಂದರಲ್ಲಿ, ದಡಾರ ಮೊದಲಾದ ಮೂರು ರೋಗಗಳ ಲಸಿಕೆಯನ್ನು ಆಟಿಸಮ್ ಎಂಬ ಸ್ಥಿತಿಯೊಡನೆ ಸೇರಿಸಿ ಶಂಕಿಸುವ ಲೇಖನವು ಅಚ್ಚಾಗಲು ಅಸಂಖ್ಯಾತ ತಾಯಂದಿರು ಹಿಂಜರಿದರು. ಬೇರೆ ಬೇರೆ ದೇಶಗಳಲ್ಲಿ ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸಿದರೂ ಅಂಥ ಸಂಬಂಧವು ಕಾಣಲಿಲ್ಲ. 2010ರಲ್ಲಿ ಪತ್ರಿಕೆಯು ಆ ಲೇಖನವನ್ನು ಹಿಂತೆಗೆದುಕೊಂಡಿತು. ಉತ್ತರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಪೋಲಿಯೋ ಹನಿಯಿಂದ ಸಂತಾನಶಕ್ತಿ ಕುಂದುವುದೆಂಬ ವದಂತಿಯು ಈ ಶತಮಾನದ ಆದಿಯಲ್ಲಿ ಹಬ್ಬಿದ್ದಿತು. ಅಲ್ಲಿ ಬಾಗಿಲುಗಳು ತೆರೆದುದು, ಅದೇ ಕೇರಿಯ ಹೆಂಗಸರೂ ಅದೇ ಮಸೀದಿಯ ಗುರುಗಳೂ ಮನೆಮನೆಗೆ ಹೋಗಿ ಮಾತನಾಡಿದ ಮೇಲೆ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋದಿಂದ ಮುಕ್ತವೆಂದು ಘೋಷಿತವಾಯಿತು.

ಈಗಿನ ಮಕ್ಕಳ ಎಡದೋಳಿನಲ್ಲಿ ಕಾಣುವ ಚಿಕ್ಕ ಗುರುತು ಸಿಡುಬಿನದಲ್ಲ, ಹುಟ್ಟಿದೊಡನೆ ಹಾಕುವ ಕ್ಷಯರೋಗದ ಲಸಿಕೆಯದು. ದೇವಿ ಹಾಕಿಸಿಕೊಂಡ ಕಲೆಯುಳ್ಳವರು ಅಜ್ಜ ಅಜ್ಜಿಯರಾಗಿದ್ದಾರೆ. ಶಿರಸಿಯ ಮಾರಿಕಾಂಬೆಯ ಜಾತ್ರೆಯು ಎರಡು ವರ್ಷಕ್ಕೊಮ್ಮೆ ಮೊದಲಿನಂತೆಯೇ ನಡೆಯುತ್ತದೆ. ಮೊಮ್ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ಮುದುಕಿಯರ ಸೆರಗು ಸರಿದಾಗ ಆ ಕಲೆಗಳು ಕಾಣಿಸುತ್ತವೆ.